ಒಂದೇ ಅರ್ಜುನ, ಹಲವು ಅಳತೆಗೋಲು

2013ರ ಆಗಸ್ಟ್ ಕೊನೆ. ಟ್ರಿಪಲ್ ಜಂಪ್ ಪಟು ರಂಜಿತ್ ಮಹೇಶ್ವರಿ ಅರ್ಜುನ ಪ್ರಶಸ್ತಿ ಸ್ವೀಕರಿಸಲು ಕೇರಳದಿಂದ ದೆಹಲಿಗೆ ಬಂದಿದ್ದರು. ಪಟ್ಟಿ ಪ್ರಕಟವಾಗಿತ್ತು, ಅಭಿನಂದನೆಗಳು ಬಂದಾಗಿತ್ತು. ಅಷ್ಟರಲ್ಲಿ ಹಳೆಯ ಕಡತವೊಂದು ಹೊರಬಿತ್ತು: 2008ರಲ್ಲಿ ಕೊಚ್ಚಿಯ ಕೂಟದಲ್ಲಿ ಅವರ ಮಾದರಿಯಲ್ಲಿ ಎಫಿಡ್ರಿನ್ ಸಿಕ್ಕಿತ್ತು, ಮೂರು ತಿಂಗಳ ನಿಷೇಧವೂ ಆಗಿತ್ತು. ರಾಷ್ಟ್ರಪತಿ ಭವನದ ಸಮಾರಂಭ ಅವರಿಲ್ಲದೆ ನಡೆಯಿತು.

2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ 17.07 ಮೀಟರ್ ಜಿಗಿದು ಕಂಚು ಗೆದ್ದದ್ದು ಆ ಶಿಕ್ಷೆ ಮುಗಿದು ಎಷ್ಟೋ ದಿನಗಳ ಮೇಲೆ. ಪದಕದ ಮೇಲೆ ಯಾರೂ ಬೆರಳು ತೋರಿಸಲಿಲ್ಲ. ಪ್ರಶಸ್ತಿ ಮಾತ್ರ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.

ಇದೇ ಕಾಲದ ಇನ್ನೊಂದು ಕಥೆ ಇದರ ಪಕ್ಕದಲ್ಲಿಟ್ಟು ನೋಡಬೇಕು. ಮಣಿಪುರದ ಭಾರ ಎತ್ತುಗಾರ್ತಿ ಕುಂಜರಾಣಿ ದೇವಿ ಅರ್ಜುನ, ಖೇಲ್ ರತ್ನ ಎರಡನ್ನೂ ಪಡೆದವರು. 2001ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಸ್ಟ್ರಿಕ್ನಿನ್ ಸೇವನೆಗಾಗಿ ಸಿಕ್ಕಿಬಿದ್ದು ಆರು ತಿಂಗಳು ಹೊರಗುಳಿದರು. ಕೊಟ್ಟ ಪ್ರಶಸ್ತಿಗಳು ಅವರಲ್ಲೇ ಉಳಿದವು. 2011ರಲ್ಲಿ ಪದ್ಮಶ್ರೀಯೂ ಬಂತು. ಬರಬಾರದಿತ್ತು ಎಂದಲ್ಲ, ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ವರ್ಷಗಟ್ಟಲೆ ಪದಕ ತಂದ ಆ ಪುಟ್ಟ ದೇಹದ ಗಟ್ಟಿಗಿತ್ತಿಗೆ ಅದು ಸಲ್ಲಬೇಕಾದದ್ದೇ. ಆದರೆ ಆರು ತಿಂಗಳ ಶಿಕ್ಷೆಯಾದವರಿಗೆ ಪದ್ಮಶ್ರೀ, ಮೂರು ತಿಂಗಳ ಶಿಕ್ಷೆಯಾದವರಿಗೆ ಬರಿಗೈ ಎಂದರೆ ಇದು ಯಾವ ಲೆಕ್ಕ?

ಪದಕದ ಲೆಕ್ಕ ಹೀಗಲ್ಲ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ‘ವಾಡಾ’ದ ಸಂಹಿತೆಯಲ್ಲಿ ಅದು ದಿನಾಂಕದ ಪ್ರಶ್ನೆ. ಮಾದರಿ ಕೊಟ್ಟ ಕೂಟದ ಫಲಿತಾಂಶ ಹೋಗುತ್ತದೆ, ಅಲ್ಲಿಂದ ಮುಂದಿನವೂ ಸಾಮಾನ್ಯವಾಗಿ ಹೋಗುತ್ತವೆ. ಹಿಂದಿನದನ್ನು ಮುಟ್ಟಬೇಕಾದರೆ ಬೇರೆ ಪುರಾವೆ ಬೇಕು. ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 400 ಮೀಟರ್ ಹರ್ಡಲ್ಸ್‌ನಲ್ಲಿ ಮತ್ತು ರಿಲೇಯಲ್ಲಿ ಚಿನ್ನ ಗೆದ್ದರು. ಮರುವರ್ಷ ಅವರ ಮಾದರಿಯಲ್ಲಿ ಸ್ಟೀರಾಯ್ಡ್ ಕಂಡಿತು. ಕರಾವಳಿಯ ಮನೆಮನೆಯಲ್ಲೂ ಸಂಕಟಪಟ್ಟ ಸುದ್ದಿ ಅದು. ಆದರೂ ಗುವಾಂಗ್‌ಝೌ ಚಿನ್ನ ಅವರದಾಗಿಯೇ ಉಳಿಯಿತು, ಏಕೆಂದರೆ ಆ ಓಟದ ಹೊತ್ತಿನ ಮಾದರಿಯಲ್ಲಿ ಏನೂ ಸಿಕ್ಕಿರಲಿಲ್ಲ. ಒಪ್ಪಲಿ ಬಿಡಲಿ, ನಿಯಮ ಓದಿದವರಿಗೆ ಅರ್ಥವಾಗುವ ತೀರ್ಮಾನ.

ಪ್ರಶಸ್ತಿಗೆ ಇಂಥ ದಿನಾಂಕವಿಲ್ಲ, ಅದು ಸರ್ಕಾರದ ಅಭಿಪ್ರಾಯ. ಅಭಿಪ್ರಾಯ ಬದಲಾಗುತ್ತದೆ, ಬದಲಾಯಿತು ಕೂಡ. ಬಾಕ್ಸರ್ ಅಮಿತ್ ಪಂಘಲ್ ಹದಿಹರೆಯದಲ್ಲಿ, 2012ರಲ್ಲಿ, ಪರೀಕ್ಷೆಯಲ್ಲಿ ಸಿಕ್ಕಿ ಒಂದು ವರ್ಷ ನಿಷೇಧ ಅನುಭವಿಸಿದವರು. 2018ರಲ್ಲಿ ಏಷ್ಯನ್ ಕೂಟದ ಚಿನ್ನ, 2019ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಬೆಳ್ಳಿ ತಂದರೂ ಆ ಹಳೆಯ ಕಲೆಯೇ ಅಡ್ಡ ನಿಂತಿತ್ತು. ಆಮೇಲೆ ಸಚಿವಾಲಯ ನಿಯಮ ಸಡಿಲಿಸಿ, ಶಿಕ್ಷೆ ಪೂರೈಸಿದವರನ್ನೂ ಪರಿಗಣಿಸಬಹುದು ಎಂದಿತು. 2022ರ ಅರ್ಜುನ ಪಟ್ಟಿಯಲ್ಲಿ ಪಂಘಲ್ ಇದ್ದರು. ಡಿಸ್ಕಸ್ ಎಸೆತಗಾರ್ತಿ ಸೀಮಾ ಪೂನಿಯಾ ಸಹ ಇದ್ದರು. 2000ದಲ್ಲಿ ಸ್ಯೂಡೋಎಫಿಡ್ರಿನ್ ಕಾರಣಕ್ಕೆ ವಿಶ್ವ ಜೂನಿಯರ್ ಚಿನ್ನ ಕಳೆದುಕೊಂಡವರು. ನೆಗಡಿ ಮಾತ್ರೆಯಲ್ಲಿರುವ ವಸ್ತು ಅದು.

ಈ ಸಡಿಲಿಕೆ ಸರಿಯಾದದ್ದೇ. ಹದಿಹರೆಯದ ಹುಡುಗ ಮಾಡಿದ ತಪ್ಪನ್ನು ಜೀವಮಾನದ ಶಿಕ್ಷೆಯಾಗಿಸುವುದು ‘ವಾಡಾ’ ಕೂಡ ಕೇಳದ ಕಠೋರತೆ. ಆದರೆ ಅರ್ಧ ಕೆಲಸ ಬಾಕಿ ಇದೆ. ಯಾರಿಗೆ ಕೊಡಬಹುದು ಎಂಬುದನ್ನಷ್ಟೇ ತಿದ್ದಿ, ಕೊಟ್ಟದ್ದನ್ನು ಯಾವಾಗ ಹಿಂಪಡೆಯಬೇಕು ಎಂಬುದನ್ನು ತೇಲಿಸಿಬಿಟ್ಟರೆ ಕುಂಜರಾಣಿ-ರಂಜಿತ್ ತರಹದ ಕಥೆಗಳು ಮರುಕಳಿಸುತ್ತವೆ. ಪದಕದ ಅಳತೆಗೋಲನ್ನೇ ಇಲ್ಲಿಗೂ ತರಬಹುದು: ಯಾವ ಸಾಧನೆಗಾಗಿ ಪ್ರಶಸ್ತಿಯೋ ಆ ಸಾಧನೆಯೇ ರದ್ದಾದರೆ ಪ್ರಶಸ್ತಿಯೂ ಹೋಗಲಿ, ಅದು ನಿಂತರೆ ಪ್ರಶಸ್ತಿಯೂ ನಿಲ್ಲಲಿ. ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರ ಏಳೂ ಟೂರ್ ಡಿ ಫ್ರಾನ್ಸ್ ಗೆಲುವು 2012ರಲ್ಲಿ ಅಳಿಸಿಹೋದ ಮೇಲೆ ಫ್ರಾನ್ಸ್ ತಾನು ಕೊಟ್ಟಿದ್ದ ಲೀಜಿಯನ್ ಆಫ್ ಆನರ್ ಅನ್ನು ವಾಪಸು ಪಡೆದದ್ದು ಅದೇ ತರ್ಕದಿಂದ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಇದರ ತದ್ವಿರುದ್ಧ: 2011ರ ನ್ಯಾಷನಲ್ ಲೀಗ್‌ನ ಅತ್ಯಮೂಲ್ಯ ಆಟಗಾರ ರಯಾನ್ ಬ್ರಾನ್ 2013ರಲ್ಲಿ 65 ಪಂದ್ಯಗಳ ನಿಷೇಧ ಒಪ್ಪಿಕೊಂಡ ಮೇಲೂ ಪ್ರಶಸ್ತಿ ಅವರಲ್ಲೇ ಇದೆ, ಎರಡನೆಯ ಸ್ಥಾನದಲ್ಲಿದ್ದವನ ಶೆಲ್ಫು ಖಾಲಿಯಾಗಿಯೇ ಇದೆ.

ಇಷ್ಟೆಲ್ಲ ಚರ್ಚೆಯಲ್ಲಿ ಮರೆಯಲ್ಲೇ ನಿಲ್ಲುವವರು ಕೋಚ್‌ಗಳು. ಅಶ್ವಿನಿ ಸಿಕ್ಕಿಬಿದ್ದ 2011ರ ಪ್ರಕರಣದಲ್ಲಿ ಅವರೂ ಸೇರಿ ಆರು ಓಟಗಾರ್ತಿಯರು, ಉಕ್ರೇನಿನ ತರಬೇತುದಾರ ಯೂರಿ ಒಗೊರೊಡ್ನಿಕ್ ಕೊಟ್ಟ ಜಿನ್ಸೆಂಗ್ ಪೂರಕದಿಂದಲೇ ಮದ್ದು ಮೈಸೇರಿತು ಎಂದರು. ದೇಶದೊಳಗಿನ ಸಮಿತಿ ಅವರಿಗೆ ಒಂದು ವರ್ಷ ಶಿಕ್ಷೆ ಕೊಟ್ಟಿತು. ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡಕ್ಕೇರಿಸಿತು, ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಕೋಚ್ ಕಳೆದುಕೊಂಡದ್ದು ಕೆಲಸವನ್ನು. ಕರ್ನಾಟಕ ಸರ್ಕಾರ ಕ್ರೀಡಾಪಟುಗಳಿಗೆ ಕೊಡುವುದು ಏಕಲವ್ಯ ಪ್ರಶಸ್ತಿ, ಕೇಂದ್ರ ಕೋಚ್‌ಗಳಿಗೆ ಕೊಡುವುದು ದ್ರೋಣಾಚಾರ್ಯ. ಹೆಸರಿಟ್ಟವರು ಕಥೆಯನ್ನು ಕೊನೆಯವರೆಗೆ ನೆನೆದಿದ್ದರೋ ಇಲ್ಲವೋ, ಹೆಬ್ಬೆರಳು ಕೊಡುವ ಸರದಿ ಇಲ್ಲೂ ಶಿಷ್ಯರದ್ದೇ ಆಯಿತು. ಹಿಂಪಡೆಯುವ ನಿಯಮ ಬರೆಯಲು ಸಚಿವಾಲಯ ಕೂತರೆ, ಶಿಷ್ಯರು ಸಾಲಾಗಿ ಸಿಕ್ಕಿಬಿದ್ದ ಗುರುವಿನ ದ್ರೋಣಾಚಾರ್ಯ ಪ್ರಶಸ್ತಿಯ ಕಂಚಿನ ಪ್ರತಿಮೆಯೂ ಆ ಕಡತದೊಳಗೆ ಬರಬೇಕು.