ಎರಡು ದಡಗಳ ಮಲಯ ಭಾಷೆ

ಕಳೆದ ಗುರುವಾರ ಬ್ಯಾಡಗಿಯ ಪೇಟೆಯಲ್ಲಿ ಟೆಂಡರು ಮುಗಿದು ಮೆಣಸಿನಕಾಯಿಯ ತೂಕ ಮೊದಲಾಗಿದ್ದ ಹೊತ್ತಿನಲ್ಲಿ, ಬಹುಕಾಲದ ಸ್ನೇಹಿತರೊಬ್ಬರ ದಲಾಲಿ ಅಂಗಡಿಯ ಕಟ್ಟೆಯ ಮೇಲೆ, ಘಾಟನ್ನು ತಡೆಯಲೆಂದು ಟುವಾಲನ್ನು ಮೂಗಿಗೊತ್ತಿಕೊಂಡು ಕುಳಿತಿದ್ದಾಗ, ಅವರ ಮಗನು ಎರಡು ಚೀಟಿಗಳನ್ನು ತಂದು ನನ್ನ ಮುಂದಿಟ್ಟನು. ಒಂದು ಪೆನಾಂಗಿಗೆ ಹೋಗತಕ್ಕ ಚೀಲಗಳಿಗೆ ಅಂಟಿಸುವುದು, ಮತ್ತೊಂದು ಸುರಬಾಯಕ್ಕೆ ಹೋಗತಕ್ಕವುಗಳಿಗೆ; ಎರಡರಲ್ಲಿಯೂ ತುಂಬಿದ್ದುದು ಒಂದೇ ರಾಶಿಯ ಕಡ್ಡಿ ಕಾಯಿ. ಮೊದಲನೆಯ ಚೀಟಿಯಲ್ಲಿ ‘ಚಿಲಿ ಕೆರಿಂಗ್’ ಎಂದೂ ಎರಡನೆಯದರಲ್ಲಿ ‘ಚಬೈ ಕೆರಿಂಗ್’ ಎಂದೂ ಅಚ್ಚಾಗಿತ್ತು. “ಕಾಕಾ, ಮಾಲು ಒಂದ ಐತಿ, ಹೆಸರ ಯಾಕ ಎರಡ ಅದಾವ್ರೀ? ಇವರ ಭಾಷಾ ಬ್ಯಾರೆ, ಅವರ ಭಾಷಾ ಬ್ಯಾರೆ ಏನು? ನಾ ಕಲೀಬೇಕಂದ್ರ ಯಾವುದನ್ನ ಕಲೀಲಿ?” ಎಂದು ಆತನು ಕೇಳಿದನು.

ಇಪ್ಪತ್ತು ವರ್ಷಗಳಿಂದ ಈ ಭಾಷೆಯ ಬೆನ್ನು ಹತ್ತಿರುವ ನನಗೆ ಇದಕ್ಕಿಂತ ಪ್ರಿಯವಾದ ಪ್ರಶ್ನೆಯಿಲ್ಲ. ಕೆರಿಂಗ್ ಎಂದರೆ ಒಣಗಿದ್ದು. ಅದರಲ್ಲಿ ಎರಡು ದೇಶಗಳಿಗೂ ಭೇದವಿಲ್ಲ. ಕಾಯಿಯ ಹೆಸರು ಮಾತ್ರ ಮಲೇಷ್ಯಾದಲ್ಲಿ ಚಿಲಿ, ಇಂಡೋನೇಷ್ಯಾದಲ್ಲಿ ಚಬೈ. ಆದರೆ ಇವೆರಡನ್ನೂ ಬಿಟ್ಟು ‘ಲಾಡಾ’ ಎಂಬ ಇನ್ನೊಂದು ಶಬ್ದವಿದೆ. ಅದರ ಚರಿತ್ರೆಯನ್ನು ಬ್ಯಾಡಗಿಯವರು ತಿಳಿದಿರಲೇಬೇಕು. ನಮ್ಮಲ್ಲಿ ಮೆಣಸೆಂಬುದು ಮೊದಲು ಮಲೆನಾಡಿನ ಬಳ್ಳಿಯ ಕಾಳಿಗೆ ಸಂದ ಹೆಸರಾಗಿದ್ದು, ಪೋರ್ಚುಗೀಸರ ಕಾಲದಲ್ಲಿ ಅಮೆರಿಕದ ಗಿಡವು ಬಂದು ನೆಲೆಯೂರಿದ ಮೇಲೆ ಅದರ ಫಲವು ಮೆಣಸಿನಕಾಯಿಯೆನಿಸಿತು. ಹಳೆಯ ಕಾಳು ತನ್ನ ಗುರುತಿಗಾಗಿ ಕರಿಮೆಣಸೆಂಬ ವಿಶೇಷಣವನ್ನು ಧರಿಸಬೇಕಾಯಿತು. ಮಲಯದಲ್ಲಿಯೂ ನಡೆದುದು ಇದೇ. ಲಾಡಾ ಎಂಬುದು ಕಾಳಿನ ಹೆಸರಾಗಿದ್ದುದು ಮಲೇಷ್ಯಾದ ಎಷ್ಟೋ ಕಡೆ ಕಾಯಿಗೂ ಸಂದು, ಕಾಳಿಗೆ ‘ಲಾಡಾ ಹಿತಾಂ’ ಎಂಬ ಹೆಸರು ಉಳಿಯಿತು. ಹಿತಾಂ ಎಂದರೆ ಕಪ್ಪು. ಎರಡು ಜನಾಂಗಗಳು ಪರಸ್ಪರ ಸಮಾಲೋಚನೆಯಿಲ್ಲದೆ ಒಂದೇ ಇಕ್ಕಟ್ಟಿನಿಂದ ಒಂದೇ ದಾರಿಯಲ್ಲಿ ಪಾರಾಗಿರುವುದನ್ನು ಕಂಡಾಗಲೆಲ್ಲ ನನಗೆ ರೋಮಾಂಚವಾಗುತ್ತದೆ.

ಇನ್ನು ಭಾಷೆ ಒಂದೋ ಎರಡೋ ಎಂಬ ವಿಚಾರ. ರಾಣೆಬೆನ್ನೂರಿನಿಂದ ಕುಮಾರಪಟ್ಟಣವನ್ನು ಹಾದು ತುಂಗಭದ್ರೆಯ ಸೇತುವೆಯನ್ನು ದಾಟಿದರೆ ಹರಿಹರ. 1956ರ ನವೆಂಬರ್ 1ರವರೆಗೆ ಈ ದಡವು ಮುಂಬಯಿ ಸರಕಾರಕ್ಕೂ ಆ ದಡವು ಮೈಸೂರಿಗೂ ಸೇರಿದ್ದುದರಿಂದ, ಇಲ್ಲಿಯ ರೈತನು ಮಾಮಲೇದಾರರಿಗೆ ಅರ್ಜಿಯನ್ನು ಬರೆದರೆ ಅಲ್ಲಿಯವನು ಅಮಲ್ದಾರರಿಗೆ ಬರೆಯುತ್ತಿದ್ದನು. ಇಲ್ಲಿ ಲೆಕ್ಕವಿಡುತ್ತಿದ್ದವರು ಕುಲಕರ್ಣಿಗಳು, ಅಲ್ಲಿ ಶಾನುಭೋಗರು. ಕಚೇರಿಯ ಕನ್ನಡವು ಇಂತು ಎರಡಾದರೂ, ಹೊಳೆಯ ಎರಡು ಕಡೆಗೂ ಹೆಣ್ಣು ಕೊಟ್ಟು ತಂದವರ ಮನೆಮಾತು ಎರಡಾಗಲಿಲ್ಲ. ಮಲಯ ಭಾಷೆಗೆ ಮಲಕ್ಕಾ ಜಲಸಂಧಿಯೇ ಇಂತಹ ತುಂಗಭದ್ರೆಯಾಯಿತು. 1824ರ ಮಾರ್ಚ್ 17ರಂದು ಲಂಡನ್ನಿನಲ್ಲಿ ಇಂಗ್ಲಿಷರೂ ಡಚ್ಚರೂ ಮಾಡಿಕೊಂಡ ಒಪ್ಪಂದವು ಜೋಹೋರ್-ರಿಯಾವು ಎಂಬ ಒಂದೇ ಸುಲ್ತಾನರ ರಾಜ್ಯವನ್ನು ಸೀಳಿ, ಜೋಹೋರನ್ನು ಇಂಗ್ಲಿಷರ ಕಡೆಗೂ ರಿಯಾವು ದ್ವೀಪಗಳನ್ನು ಡಚ್ಚರ ಕಡೆಗೂ ಹಾಕಿತು. ಇಂದು ಎರಡು ದೇಶಗಳೂ ಶಿಷ್ಟವೆಂದು ಅಂಗೀಕರಿಸಿರುವ ಭಾಷೆಗೆ ಆಧಾರವಾದುದು ಆ ಒಂದೇ ಆಸ್ಥಾನದ ಮಲಯ. ಮಲಯದಲ್ಲಿಯೇ ಮಲಯಕ್ಕೆ ಅರ್ಥ ಹೇಳುವ ಕೋಶವನ್ನು 19ನೆಯ ಶತಮಾನದ ಮಧ್ಯದಲ್ಲಿ ರಚಿಸಲು ತೊಡಗಿದ ರಾಜಾ ಅಲಿ ಹಾಜಿಯು ರಿಯಾವಿನ ಪೆನ್ಯೆಂಗಾತ್ ಎಂಬ ಪುಟ್ಟ ನಡುಗಡ್ಡೆಯಲ್ಲಿ ಬಾಳಿದವನು. ಆತನನ್ನು ಇಂಡೋನೇಷ್ಯಾ 2004ರಲ್ಲಿ ರಾಷ್ಟ್ರವೀರನೆಂದು ಗೌರವಿಸಿತು, ಮಲೇಷ್ಯಾದ ವಿದ್ವಾಂಸರಾದರೋ ಆತನನ್ನು ತಮ್ಮ ಸಾಹಿತ್ಯದ ಹಿರಿಯನೆಂದೇ ಓದುತ್ತಾರೆ.

ಒಡೆಯರು ಬೇರೆಯಾದುದರಿಂದ ಎರವಲು ಬೇರೆಯಾಯಿತು. ಕಚೇರಿಗೆ ಇಂಡೋನೇಷ್ಯಾದವರು ಡಚ್ಚರ ‘ಕಾಂತೋರ್’ ಎನ್ನುತ್ತಾರೆ. ಮಲೇಷ್ಯಾದಲ್ಲಿ ಅದು ‘ಪೆಜಾಬಾತ್’. ಆದರೆ ಇದೇ ಪೆಜಾಬಾತ್ ಇಂಡೋನೇಷ್ಯಾದಲ್ಲಿ ಕಚೇರಿಯಲ್ಲ, ಅಧಿಕಾರಿ. ಅಂದು ನಾನು ಮೂಗಿಗೊತ್ತಿಕೊಂಡಿದ್ದ ಟುವಾಲು ಪೆನಾಂಗಿನಲ್ಲಿಯೂ ಪೋರ್ಚುಗೀಸರ ಋಣದಿಂದ ‘ತುವಾಲಾ’ ಆಗಿಯೇ ಇದೆ. ಸುರಬಾಯದಲ್ಲಿ ಡಚ್ಚರ ‘ಹಾಂದುಕ್’. ಬರವಣಿಗೆಯಲ್ಲಿಯೂ ಇದೇ ತೊಡಕಿತ್ತು: ನಮ್ಮ ಒಂದು ಚಕಾರಕ್ಕೆ ಇಂಗ್ಲಿಷರ ದಡದಲ್ಲಿ ಸಿ ಮತ್ತು ಎಚ್, ಡಚ್ಚರ ದಡದಲ್ಲಿ ಟಿ ಮತ್ತು ಜೆ. 1972ರ ಆಗಸ್ಟ್ 16ರಂದು ಎರಡು ಸರಕಾರಗಳೂ ಒಮ್ಮತದಿಂದ ಕಾಗುಣಿತವನ್ನು ಸರಿಪಡಿಸಿ, ಚಕಾರಕ್ಕೆ ಬರಿಯ ಸಿ ಸಾಕೆಂದು ವಿಧಿಸಿದುವು. ಅದಕ್ಕೆ ಹಿಂದಿನ ಪುಸ್ತಕಗಳನ್ನು ತೆರೆಯುವವರು ಇದನ್ನು ಮರೆಯಬಾರದು.

ವ್ಯಾಪಾರಸ್ಥರು ಎಚ್ಚರದಿಂದಿರಬೇಕಾದ ಶಬ್ದಗಳು ಕೆಲವಿವೆ. ‘ಪೆರ್ಚುಮಾ’ ಎಂದರೆ ಮಲೇಷ್ಯಾದಲ್ಲಿ ಪುಕ್ಕಟೆ, ಇಂಡೋನೇಷ್ಯಾದಲ್ಲಿ ವ್ಯರ್ಥ. ಒಂದು ಚೀಲ ಪುಕ್ಕಟೆಯೆಂದು ಬರೆದುದನ್ನು ಸುರಬಾಯದವನು ನಿಷ್ಪ್ರಯೋಜಕವೆಂದು ಓದಿಕೊಂಡಾನು. ‘ಬುದಾಕ್’ ಎಂಬುದು ಮಲೇಷ್ಯಾದಲ್ಲಿ ಮಗು, ಇಂಡೋನೇಷ್ಯಾದಲ್ಲಿ ಗುಲಾಮ. ‘ಬಿಸಾ’ ಎಂದರೆ ಇಂಡೋನೇಷ್ಯಾದಲ್ಲಿ ‘ಸಾಧ್ಯ’ ಎಂಬುದು ನಿತ್ಯದ ಅರ್ಥ. ಮಲೇಷ್ಯಾದಲ್ಲಿ ಅದಕ್ಕೆ ‘ಬೋಲೆಹ್’ ಎನ್ನುತ್ತಾರೆ, ಬಿಸಾ ಅಲ್ಲಿ ಹಾವಿನ ನಂಜು.

ಈ ನಂಜಿನ ಬಿಸಾ ನಮ್ಮ ವಿಷವೇ. ಕನ್ನಡಿಗನ ಭಾಗ್ಯವು ತೆರೆಯುವುದು ಇಲ್ಲಿ. ಮಲಯವನ್ನು ಕಲಿಸುವ ಪುಸ್ತಕಗಳಲ್ಲಿ ನನ್ನ ಕೈಗೆ ಬಂದುವೆಲ್ಲ ಇಂಗ್ಲಿಷ್ ಬಲ್ಲವರಿಗಾಗಿ ಬರೆದಂಥವು. ಅವುಗಳ ವಾಚಕನು ಒಂದೊಂದು ಶಬ್ದವನ್ನೂ ಕಲ್ಲು ಹೊತ್ತಂತೆ ಹೊರಬೇಕು. ಕೇಶಿರಾಜನ ಅಪಭ್ರಂಶ ಪ್ರಕರಣವನ್ನು ಶಾಲೆಯಲ್ಲಿ ಅಷ್ಟಿಷ್ಟು ಓದಿದವನಿಗಾದರೋ ಅರ್ಧ ಹೊರೆ ಆಗಲೇ ಇಳಿದಿರುತ್ತದೆ. ಶ್ರೀ ಎಂಬುದನ್ನು ಸಿರಿ ಮಾಡಿ ಒತ್ತಕ್ಷರವನ್ನು ಬಿಡಿಸಿಕೊಂಡ ನಾಲಗೆ ನಮ್ಮದು. ಮಲೇಷ್ಯಾದವರ ನಾಲಗೆಯೂ ಸ್ತ್ರೀಯನ್ನು ‘ಇಸ್ತೆರಿ’ ಎಂದೂ ಪುತ್ರನನ್ನು ‘ಪುತೆರಾ’ ಎಂದೂ ಬಿಡಿಸಿಕೊಂಡಿದೆ. ಇಂಡೋನೇಷ್ಯಾದವರು ‘ಇಸ್ತ್ರಿ’, ‘ಪುತ್ರಾ’ ಎಂದು ಒತ್ತನ್ನು ಉಳಿಸಿಕೊಂಡರು. ಭಾಷೆಯನ್ನು ನಾವು ಬಾಸೆ ಮಾಡಿದೆವು, ಅವರು ‘ಬಹಾಸಾ’ ಮಾಡಿದರು. ಸ್ವರ್ಗವನ್ನು ನಾವು ಸಗ್ಗ ಮಾಡಿದರೆ ಮಲೇಷ್ಯಾದಲ್ಲಿ ‘ಶುರ್ಗಾ’, ಇಂಡೋನೇಷ್ಯಾದಲ್ಲಿ ‘ಸುರ್ಗಾ’. ಕಾರಣವೆಂಬುದು ಒಂದು ಕಡೆ ‘ಕೆರಾನಾ’, ಮತ್ತೊಂದು ಕಡೆ ‘ಕಾರೆನಾ’. ಅರ್ಥವು ಸಂಚರಿಸಿದ ಬಗೆ ಇನ್ನೂ ಮನೋಹರ. ಸ್ವಾಮಿಯು ‘ಸುಆಮಿ’ಯಾಗಿ ಗಂಡನಾದನು, ಚಿಂತೆಯು ‘ಚಿಂತಾ’ ಆಗಿ ಪ್ರೇಮವಾಯಿತು, ಸಹಾಯವು ‘ಸಾಯಾ’ ಆಗಿ, ನಿಮ್ಮ ಸೇವಕನೆಂಬ ವಿನಯದಿಂದ ‘ನಾನು’ ಎಂಬ ಸರ್ವನಾಮವೇ ಆಗಿಹೋಯಿತು. ಆದರೆ ಕಂಡ ಹೋಲಿಕೆಯನ್ನೆಲ್ಲ ಬಾಂಧವ್ಯವೆಂದು ನಂಬತಕ್ಕುದಲ್ಲ: ಎರಡಕ್ಕೆ ಅವರು ಹೇಳುವ ‘ದುವಾ’ ನಮ್ಮ ದ್ವಿ ಅಲ್ಲ, ಅದು ಅವರ ಮೂಲಕುಲದ ಸ್ವಂತ ಸೊತ್ತು.

ಈ ಸಂಬಂಧದ ಹಳೆತನವನ್ನು ಅರಿಯಬೇಕಾದರೆ ಸುಮಾತ್ರದ ಪಾಲೆಂಬಾಂಗಿನ ಬಳಿ 1920ರಲ್ಲಿ ದೊರೆತ ಕೆದುಕಾನ್ ಬುಕಿತ್ ಶಾಸನವನ್ನು ನೋಡಬೇಕು. ಮಲಯದಲ್ಲಿ ದೊರೆತಿರುವ ಅತಿಪ್ರಾಚೀನ ಬರಹಗಳಲ್ಲೊಂದಾದ ಅದರ ಲಿಪಿ ಪಲ್ಲವ, ಕಾಲ ಶಕವರ್ಷ 605, ಆರಂಭ ಸ್ವಸ್ತಿ ಶ್ರೀ. ಬಂಕಾಪುರದ ಮತ್ತು ಹಾವೇರಿಯ ಶಾಸನಗಳಲ್ಲಿ ಇದೇ ‘ಸ್ವಸ್ತಿ ಶ್ರೀ’ಯ ಮೇಲೆ ಬೆರಳಾಡಿಸಿ ಬೆಳೆದ ನಾನು, ಆ ಕಲ್ಲಿನ ಚಿತ್ರವನ್ನು ಮೊದಲ ಸಲ ಕಂಡ ರಾತ್ರಿ ಬಹಳ ಹೊತ್ತು ನಿದ್ರಿಸಲಿಲ್ಲ.

ಸಾಧನಗಳ ವಿಷಯದಲ್ಲಿ ಎರಡು ದಡಗಳಿಗೂ ಸಮಾನವಾದ ಸಂಪತ್ತಿಲ್ಲ. ಇಂಡೋನೇಷ್ಯಾದ ಜನಸಂಖ್ಯೆ ಇಪ್ಪತ್ತೇಳು ಕೋಟಿಯನ್ನು ಮೀರಿರುವುದರಿಂದ ಪಾಠಗಳೂ ಹೇರಳ: ಜಾರ್ಜ್ ಕ್ವಿನ್ನರ ‘ದಿ ಇಂಡೋನೇಷಿಯನ್ ವೇ’ ಎಂಬ ಪಾಠಮಾಲೆ ಹಣವಿಲ್ಲದೆ ದೊರೆಯುತ್ತದೆ, ಎಕೋಲ್ಸ್ ಮತ್ತು ಶಾದಿಲಿಯವರ 1961ರ ಕೋಶ ಇಂದಿಗೂ ನೆಚ್ಚತಕ್ಕುದು, ಮೊಬೈಲಿನ ಡ್ಯುಯೊಲಿಂಗೊದಲ್ಲಿಯೂ ಇಂಡೋನೇಷಿಯನ್ ಇದೆ. ಮಲೇಷ್ಯಾದ ಮಲಯಕ್ಕೆ ನನ್ನನ್ನು ಕೈಹಿಡಿದು ನಡೆಸಿದ್ದು ಎಂ. ಬಿ. ಲೂಯಿಸರ 1947ರ ‘ಟೀಚ್ ಯುವರ್‌ಸೆಲ್ಫ್ ಮಲಯ್’. ಅದರ ಕಾಗುಣಿತ ಹಳೆಯದು. ಆದರೆ ಒಂದು ಧಾತುವಿಗೆ ಉಪಸರ್ಗಗಳು ಹತ್ತಿ ಅರ್ಥವು ಹೇಗೆ ಕವಲೊಡೆಯುತ್ತದೆಂಬುದನ್ನು, ಆಜಾರ್ ಎಂಬುದರಿಂದ ಕಲಿಯುವ ‘ಬೆಲಾಜಾರ್’, ಕಲಿಸುವ ‘ಮೆಂಙಾಜಾರ್’, ವಿದ್ಯಾರ್ಥಿಯಾದ ‘ಪೆಲಾಜಾರ್’ ಎಂಬಿವು ಹುಟ್ಟುವ ಕ್ರಮವನ್ನು, ಅಷ್ಟು ತಾಳ್ಮೆಯಿಂದ ತಿಳಿಸುವ ಗ್ರಂಥ ಇನ್ನೊಂದು ನನಗೆ ಕಾಣದು. ಕೋಶಗಳಲ್ಲಿ ವಿಲ್ಕಿನ್‌ಸನ್ನನದು ನಮ್ಮ ಕಿಟ್ಟೆಲ್ಲರದರಂತೆ ಒಬ್ಬನೇ ಮನುಷ್ಯನ ತಪಸ್ಸು. 1956ರಲ್ಲಿ ಸ್ಥಾಪಿತವಾದ ದೇವಾನ್ ಬಹಾಸಾ ದಾನ್ ಪುಸ್ತಾಕಾ ಸಂಸ್ಥೆಯು ತನ್ನ ಕೋಶವನ್ನೂ, ಇಂಡೋನೇಷ್ಯಾದ ಸರಕಾರವು 1988ರಲ್ಲಿ ಮೊದಲು ಪ್ರಕಟಿಸಿದ ತನ್ನ ಬೃಹತ್ಕೋಶವನ್ನೂ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿವೆ. ಆರಂಭದ ಆರು ತಿಂಗಳು ಮುಗಿದ ಮೇಲೆ ನಾನು ಕಂಡುಕೊಂಡ ಅತ್ಯುತ್ತಮ ಅಭ್ಯಾಸವೆಂದರೆ, ಒಂದೇ ದಿನದ ಒಂದೇ ಸುದ್ದಿಯನ್ನು ಕ್ವಾಲಾಲಂಪುರದ ‘ಬೆರಿತಾ ಹಾರಿಯಾನ್’ ಮತ್ತು ಜಕಾರ್ತದ ‘ಕೊಂಪಾಸ್’ ಪತ್ರಿಕೆಗಳಲ್ಲಿ ಪಕ್ಕಪಕ್ಕದಲ್ಲಿಟ್ಟು ಓದುವುದು.

ಹುಡುಗನಿಗೆ ಹೇಳಿದ್ದು ಇಷ್ಟು: ಪಾಠಗಳು ಸಮೃದ್ಧವಾಗಿರುವ ಇಂಡೋನೇಷಿಯನ್ನಿನಿಂದ ತೊಡಗು, ಆದರೆ ಮೊದಲ ದಿನದಿಂದಲೇ ಖಾತೆಯ ಪುಸ್ತಕದಂತೆ ಎರಡು ಅಂಕಣಗಳ ವಹಿಯೊಂದನ್ನು ಇಟ್ಟು, ಪೆನಾಂಗಿನ ಗಿರಾಕಿಯೊಡನೆ ಮಾತನಾಡಿದಾಗಲೆಲ್ಲ ಎಡಗಡೆಯನ್ನು ತುಂಬುತ್ತ ಹೋಗು. ಆತನು ಅಲ್ಲಿಯೇ ತೂಕದ ಚೀಟಿಯ ಬೆನ್ನಿಗೆ ಗೆರೆಯೆಳೆದು ಚಿಲಿ, ಚಬೈ ಎಂದು ಬರೆದುಕೊಂಡು, “ನಮ್ಮ ಹಾವೇರಿ ಯಾಲಕ್ಕಿಗೆ ಏನಂತಾರ್ರೀ ಕಾಕಾ?” ಎಂದನು. ಪೆನಾಂಗಿನಲ್ಲಿ ‘ಬುವಾಹ್ ಪೆಲಾಗಾ’, ಸುರಬಾಯದಲ್ಲಿ ‘ಕಾಪುಲಾಗಾ’ ಎಂದೆನು. ಎರಡನೆಯ ಸಾಲು ತುಂಬುವಷ್ಟರಲ್ಲಿ ಹಮಾಲರು ಚೀಲವೆತ್ತಲು ಆತನನ್ನು ಕೂಗಿದರು.