ಹಳೇ ರಸ್ತೆಯ ಬೊಂಬೆಯಂಗಡಿಗಳು

ಚನ್ನಪಟ್ಟಣ ಬಂತೆಂದು ಹೇಳಲು ಕಂಡಕ್ಟರೇ ಬೇಕಿರಲಿಲ್ಲ. ಬೆಂಗಳೂರು–ಮೈಸೂರು ರಸ್ತೆ ಊರೊಳಗೆ ಹಾಯುವಲ್ಲಿ ಅಂಗಡಿಗಳ ಮುಂದೆ ನಿಂತ ಮರದ ಕುದುರೆಗಳೇ ಅದನ್ನು ಸಾರುತ್ತಿದ್ದವು. ಹಿಂದಿನ ಸೀಟಿನಿಂದ ಮಗು ಕೂಗಿದರೆ ಮುಗಿಯಿತು, ಅಪ್ಪ ಬ್ರೇಕು ಒತ್ತಲೇಬೇಕು. ಅರ್ಧ ವ್ಯಾಪಾರ ನಿಂತಿದ್ದೇ ಆ ಹಟದ ಮೇಲೆ.

ಮಾಲೂ ಹಟಕ್ಕೆ ತಕ್ಕದ್ದೇ. ಹಗುರವಾದ, ಬಿಳಿಚಿಕೊಂಡ ಆಲೆಮರದ ತುಂಡು ಯಂತ್ರದಲ್ಲಿ ಗಿರ್ರನೆ ತಿರುಗುವಾಗ ಕುಶಲಕರ್ಮಿ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾನೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಮೇಲೆ ಕೇದಗೆಯ ಗರಿ ಒತ್ತಿದರೆ ಹೊಳಪು. ಬುಗುರಿಯ ಸುತ್ತಿನ ಕೆಂಪು, ಹಳದಿ ಗೆರೆಗಳು ಅಷ್ಟು ನೇರವಾಗಿರುವುದು ತಿರುಗುವ ಮರಕ್ಕೇ ಬಣ್ಣ ಹತ್ತುವುದರಿಂದ. ಕುಂಚಕ್ಕೆ ಉಳಿಯುವುದು ಕಣ್ಣು, ಮೂಗು, ಮೀಸೆ.

ಟಿಪ್ಪು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದನೆಂಬ ಕಥೆ ಇಲ್ಲಿ ಬೊಂಬೆಯ ಜೊತೆ ಉಚಿತ. ಭೌಗೋಳಿಕ ಸೂಚಕದ ಮಾನ್ಯತೆಯೂ ಈ ಬೊಂಬೆಗಳಿಗಿದೆ.

ವ್ಯಾಪಾರಕ್ಕೆ ಪೆಟ್ಟು ಬಿದ್ದದ್ದೂ ರಸ್ತೆಯಿಂದಲೇ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಯಿತು. ಬೈಪಾಸಿನ ಮೇಲೆ ಹಾರುವ ಕಾರಿನಿಂದ ಮಗುವಿಗೆ ಕುದುರೆ ಕಾಣಿಸುವುದೆಲ್ಲಿ? ಹಳೇ ರಸ್ತೆಗೆ ಈಗ ಬೊಂಬೆಗೆಂದೇ ತಿರುಗಿ ಬರಬೇಕು. ಬಂದವರು ಮಾತ್ರ ಗಿಲಕಿ ಅಲ್ಲಾಡಿಸಿ, ಬುಗುರಿ ಆಡಿಸಿ, ಚೌಕಾಸಿ ಮಾಡಿಯೇ ಹೊರಡುತ್ತಾರೆ.