ನಗೆ ಮತ್ತು ಕತ್ತಲೆ: ಕಿಳ್ಳೇಕ್ಯಾತನಿಂದ ವಿಡಿಯೋ ಆಟದವರೆಗೆ

ದುರಂತ ವಸ್ತುವುಳ್ಳ ಕಥನದಲ್ಲಿ ಬರುವ ಹಾಸ್ಯವನ್ನು ‘ವಿರಾಮ’ವೆಂದು ಕರೆಯುವುದು ನಮ್ಮ ವಿಮರ್ಶೆಯಲ್ಲಿ ರೂಢಿಯಾಗಿದೆ. ವಿಡಿಯೋ ಆಟಗಳ ಕಥನವನ್ನು ಕುರಿತ ಚರ್ಚೆಯೂ ಇದನ್ನೇ ಒಪ್ಪಿಕೊಂಡಂತಿದೆ. ಎಷ್ಟು ಕತ್ತಲೆಗೆ ಎಷ್ಟು ನಗೆ ಎಂಬ ಪ್ರಮಾಣದ ಪ್ರಶ್ನೆಯೇ ಅಲ್ಲಿ ಮುಂದಾಗುತ್ತದೆ. ತೊಗಲುಗೊಂಬೆಯಾಟವನ್ನು ಬಲ್ಲವರಿಗೆ ಈ ಲೆಕ್ಕ ಸಾಲದು. ನಗಿಸುವವನು ಯಾರು, ಅವನು ನಿಂತಿರುವುದೆಲ್ಲಿ ಎಂಬುದು ಅದಕ್ಕೂ ಮೊದಲಿನ ಪ್ರಶ್ನೆ.

2007ರವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೇ ಸೇರಿದ್ದ ರಾಮನಗರದಲ್ಲಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ತೊಗಲುಗೊಂಬೆಗಳ ಸಂಗ್ರಹವಿದೆ. ಆದರೆ ಗಾಜಿನ ಹಿಂದಿನ ಗೊಂಬೆ ಮಾತನಾಡುವುದಿಲ್ಲ. ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕನ ಜೀವವಿರುವುದೆಲ್ಲ ಮಾತಿನಲ್ಲಿಯೇ. ರಾಮ, ರಾವಣ, ಅಭಿಮನ್ಯು ಹಾಡಿನ ಭಾಷೆಯಲ್ಲಿ ಬಾಳಿ ಸಾಯುತ್ತಾರೆ. ಡೊಳ್ಳು ಹೊಟ್ಟೆಯ ಈ ಕಪ್ಪು ಗೊಂಬೆ ಆಡುನುಡಿಯಲ್ಲಿ, ಪೋಲಿ ಮಾತಿನಲ್ಲಿ, ಅಂದಿನ ಊರಿನ ಸಂಗತಿಯನ್ನೇ ಎತ್ತಿಕೊಂಡು ಜಗಳ ತೆಗೆಯುತ್ತದೆ. ಮಳೆ ಬಾರದ ವರ್ಷ ಮಳೆಗಾಗಿ ಆಟ ಆಡಿಸುವ ಪದ್ಧತಿಯಿತ್ತು ಎಂಬುದನ್ನು ನೆನೆದರೆ, ಪರದೆಯ ಮುಂದೆ ಕುಳಿತವರ ಕತ್ತಲೆಯೂ ಆ ನಗೆಯೊಳಗೆ ಸೇರಿತ್ತೆಂಬುದು ತಿಳಿಯುತ್ತದೆ. ಆಡಿಸುವ ಸಮುದಾಯಕ್ಕೂ ಕಿಳ್ಳೇಕ್ಯಾತರೆಂದೇ ಹೆಸರು. ಮಹಾಕಾವ್ಯದ ವೀರರನ್ನೆಲ್ಲ ಬಿಟ್ಟು ಅತ್ಯಂತ ಕೆಳಗಿನ ಗೊಂಬೆಯೊಡನೆ ಈ ಜನರ ಹೆಸರು ಕೂಡಿಕೊಂಡಿರುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಅಮೆರಿಕದ ಟೋಬಿ ಫಾಕ್ಸ್ 2015ರಲ್ಲಿ ಹೊರತಂದ ‘ಅಂಡರ್‌ಟೇಲ್’ ಆಟದ ಸ್ಯಾನ್ಸ್ ಎಂಬ ಅಸ್ಥಿಪಂಜರ ಈ ಗೊಂಬೆಯ ದೂರದ ನೆಂಟನಂತಿದ್ದಾನೆ. ಅವನು ಸೋಮಾರಿ, ಚಟಾಕಿಗಾರ. ಆದರೆ ಆಟಗಾರ ಕೊಂದು ಕೊಂದು ಹೆಚ್ಚಿಸಿಕೊಂಡ ‘ಲವ್’ ಪ್ರೀತಿಯಲ್ಲ, ‘ಲೆವೆಲ್ ಆಫ್ ವಯಲೆನ್ಸ್’ ಎಂಬುದರ ಸಂಕ್ಷೇಪ ಎಂದು ತಿಳಿಸುವವನೂ ಇವನೇ. ಶ್ಲೇಷೆಯೇ ಇಲ್ಲಿ ತೀರ್ಪಾಗುತ್ತದೆ. ಎದುರಾದವರನ್ನೆಲ್ಲ ಕೊಲ್ಲುತ್ತ ಬಂದವನಿಗೆ ಈ ವಿದೂಷಕನೇ ಅತಿ ಕಠಿಣ ಎದುರಾಳಿ. ಕಿಳ್ಳೇಕ್ಯಾತ ಹೀಗೆ ತೀರ್ಪು ಕೊಡುವವನಲ್ಲ, ನಿಜ. ಆದರೂ ಇಬ್ಬರೂ ಕಥೆಯ ಒಳಗೂ ಹೊರಗೂ ಕಾಲಿಟ್ಟವರು.

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ರೂಪಿಸಿದ, 2020ರಲ್ಲಿ ಹೊರಬಂದ ‘ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್’ ನಮಗೆ ಹೆಚ್ಚು ಹತ್ತಿರವಾಗಬೇಕಿತ್ತು. ಅಸುರರು ಹೊತ್ತೊಯ್ದ ತಮ್ಮನನ್ನು ಅರಸುವ ಹುಡುಗಿಯ ಕಥೆಯದು; ಕಥಾಭಾಗಗಳು ನೆರಳುಗೊಂಬೆಯಾಟದ ರೂಪದಲ್ಲಿಯೇ ಬರುತ್ತವೆ. ಚಿತ್ರಣ ಸೊಗಸಾಗಿದೆ. ಆದರೆ ಕಥೆ ಹೇಳುವವರು ದುರ್ಗೆ ಮತ್ತು ವಿಷ್ಣು. ಅವರ ನಡುವೆ ಲಘುವಾದ ಮಾತೂ ಉಂಟು, ಆದರೆ ಅದು ಮೇಲಿನಿಂದ ನೋಡುವವರ ಸಲ್ಲಾಪ. ಆ ಹುಡುಗಿಯ ಸಂಕಟದ ಪಕ್ಕದಲ್ಲಿ ನಿಂತು ಅವರು ಅದನ್ನು ಆಡುತ್ತಿಲ್ಲ. ಪರದೆ ಬಂದಿದೆ, ನೆರಳು ಬಂದಿದೆ, ಕಿಳ್ಳೇಕ್ಯಾತ ಬಂದಿಲ್ಲ.

ಇದಕ್ಕೆ ಆಟ ರಚಿಸಿದವರನ್ನಷ್ಟೇ ದೂರುವುದು ನ್ಯಾಯವಲ್ಲ. ನಾವು ಪ್ರಸಂಗದ ಹಾಡುಗಳನ್ನು ಬರೆದುಕೊಂಡಷ್ಟು ಶ್ರದ್ಧೆಯಿಂದ, ಹೊತ್ತಿಗೆ ತಕ್ಕಂತೆ ಹುಟ್ಟುವ ಈ ಪೋಲಿ ಮಾತುಗಳನ್ನು ಬರೆದುಕೊಂಡವರಲ್ಲ.